ಪಟ್ಟಿ ಒಂದಿರಲಿ, ಬಾಗಿಲೂ ಒಂದೇ ಇರಲಿ

ಗೆಳೆಯರೇ, ಕಥೆ, ಕವನ, ಹಾಸ್ಟೆಲ್ ಹರಟೆಗಳ ನಡುವೆ ಈ ಸಲ ಸರ್ವರ್ ಬಗ್ಗೆ ಲೇಖನ ಯಾಕೆ ಅಂತ ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ಆದರೆ ಈ ವಿಷಯದಲ್ಲಿ ನಮ್ಮ ಸಂಘದ ತಪ್ಪೂ ಒಂದಿದೆ. ಅಭಿಪ್ರಾಯ ಹೇಳೋಕೆ ಮುಂಚೆ ಅದನ್ನ ಹೇಳಿಬಿಡ್ತೀವಿ.

ಕಳೆದ ರಾಜ್ಯೋತ್ಸವಕ್ಕೆ ಸಂಘದ ವೆಬ್ ತಂಡ, ಅಂದರೆ ನಾವೇ ನಾಲ್ಕು ಜನ, ಎರಡು ರಾತ್ರಿ ಕೂತು ನೋಂದಣಿ ಪುಟ ಮಾಡಿದೆವು. ಭಾವಗೀತೆ, ಆಶುಭಾಷಣ, ರಸಪ್ರಶ್ನೆ, ಎಲ್ಲದಕ್ಕೂ ಒಂದೇ ಕಡೆ ಹೆಸರು ಕೊಡಬಹುದು. ಯುಎಸ್‌ಎನ್ ಹಾಕಿ, ಒಂದು ಪಾಸ್‌ವರ್ಡ್ ಇಟ್ಟುಕೊಂಡರೆ ಆಯ್ತು. ಚೆನ್ನಾಗೇ ನಡೀತು. ಆದರೆ ಆ ಪಾಸ್‌ವರ್ಡ್‌ಗಳನ್ನ ನಾವು ಹ್ಯಾಶ್ ಮಾಡಿರಲಿಲ್ಲ. ಟೈಪ್ ಮಾಡಿದ ಹಾಗೇ ಟೇಬಲ್‌ನಲ್ಲಿ ಇಟ್ಟಿದ್ದೆವು. 'ಕಾರ್ಯಕ್ರಮ ಮುಗಿದ ಮೇಲೆ ತೆಗೆದುಹಾಕೋಣ' ಅಂತ ಅಂದುಕೊಂಡಿದ್ದೆವು. ಕಾರ್ಯಕ್ರಮ ಮುಗೀತು, ಇಂಟರ್ನಲ್ಸ್ ಬಂತು, ಟೇಬಲ್ ಅಲ್ಲೇ ಉಳೀತು. ಸಾಲದ್ದಕ್ಕೆ ಡೇಟಾಬೇಸ್‌ನ ಒಂದು ಬ್ಯಾಕಪ್ ಫೈಲು ವೆಬ್‌ಸೈಟಿನ ಫೋಲ್ಡರ್ ಒಳಗೇ ಬಿದ್ದಿತ್ತು. ಫೈಲಿನ ಹೆಸರು ಊಹಿಸಿದವರು ಯಾರು ಬೇಕಾದರೂ ಇಳಿಸಿಕೊಳ್ಳಬಹುದಿತ್ತು.

ಫೆಬ್ರವರಿಯಲ್ಲಿ ಮೂರನೇ ವರ್ಷದ ಜೂನಿಯರ್ ಒಬ್ಬ ನಮ್ಮ ಹತ್ತಿರ ಬಂದ. ಅವನು ಆರಿಸಿಕೊಂಡಿದ್ದ ಎಲೆಕ್ಟಿವ್ ಬೇರೆಯೇ ಆಗಿಬಿಟ್ಟಿತ್ತು. ಅವನದೇ ಲಾಗಿನ್‌ನಿಂದ ಬದಲಾಗಿದೆ ಅಂತ ಪೋರ್ಟಲ್ ತೋರಿಸುತ್ತಿತ್ತು. ಅವನು ರಾಜ್ಯೋತ್ಸವದ ಪುಟಕ್ಕೆ ಕೊಟ್ಟ ಪಾಸ್‌ವರ್ಡೂ ಆ ಪೋರ್ಟಲಿನ ಪಾಸ್‌ವರ್ಡೂ ಒಂದೇ. ನಮ್ಮ ಸರ್ವರಿನ ಲಾಗ್ ತೆಗೆದು ನೋಡಿದಾಗ, ಆ ಬ್ಯಾಕಪ್ ಫೈಲನ್ನ ಹಾಸ್ಟೆಲ್ ನೆಟ್‌ವರ್ಕಿನಿಂದ ಯಾರೋ ಇಳಿಸಿಕೊಂಡಿದ್ದು ಕಾಣಿಸಿತು. ಯಾರು ಅಂತ ಇವತ್ತಿಗೂ ಗೊತ್ತಾಗಿಲ್ಲ. ನಾವು ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿ ಒಪ್ಪಿಕೊಂಡೆವು. ಅಷ್ಟರಲ್ಲಿ ಅವನಿಗೆ ಬೇಕಾಗಿದ್ದ ವಿಷಯದ ಸೀಟು ತುಂಬಿಹೋಗಿತ್ತು. 'ಹೋಗ್ಲಿ ಬಿಡಿ ಅಣ್ಣಾ, ಇದನ್ನೇ ಓದ್ತೀನಿ' ಅಂದ. ಅವನು ಬೈದಿದ್ದರೆ ನಮಗೆ ಸ್ವಲ್ಪ ಸಮಾಧಾನ ಆಗ್ತಿತ್ತೇನೋ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನಾವೂ ಹಾಗೇ ಮಾಡಿದೆವು. ಆ ಟೇಬಲ್ ಅಳಿಸಿದೆವು, ನೋಂದಾಯಿಸಿದ್ದ ಎಲ್ಲರಿಗೂ ಮೇಲ್ ಕಳಿಸಿದೆವು. ಆಮೇಲೆ ಕಾಲೇಜಿನ ಕಂಪ್ಯೂಟರ್ ಸೆಂಟರ್ ಒಂದು ಪ್ರಸ್ತಾಪ ಮುಂದಿಟ್ಟಿತು. ಎಲ್ಲ ವೆಬ್ ಸರ್ವರ್‌ಗಳನ್ನೂ ಒಂದೇ ಡೈರೆಕ್ಟರಿಗೆ ಜೋಡಿಸೋಣ, ಎಲ್ಲ ಕಡೆಗೂ ಒಂದೇ ಲಾಗಿನ್ ಇರಲಿ, ಸಂಘಗಳು ಏನಂತಾವೆ, ಅಂತ. ಈ ಲೇಖನ ನಮ್ಮ ಸಂಘದ ಉತ್ತರ. ಚುಟುಕಾಗಿ ಹೇಳಬೇಕೆಂದರೆ, ಬೇಕು. ಆದರೆ ಪ್ರಸ್ತಾಪದಲ್ಲಿ ಇರೋ ಹಾಗಲ್ಲ.

ಈಗ ಪರಿಸ್ಥಿತಿ ಹೇಗಿದೆ

ನಮ್ಮ ಕ್ಯಾಂಪಸ್‌ನಲ್ಲಿ ಲಾಗಿನ್ ಕೇಳುವ ಸೈಟ್‌ಗಳನ್ನ ಒಂದು ಸಂಜೆ ಕ್ಯಾಂಟೀನಿನಲ್ಲಿ ಕೂತು ಎಣಿಸಿದೆವು. ಅಂಕಗಳ ಪೋರ್ಟಲ್, ಎಲೆಕ್ಟಿವ್ ಪೋರ್ಟಲ್, ಮೂಡಲ್, ಲೈಬ್ರರಿಯ ಕ್ಯಾಟಲಾಗ್, ಪ್ಲೇಸ್‌ಮೆಂಟ್ ಸೈಟ್, ಲ್ಯಾಬಿನ ಗಿಟ್ ಸರ್ವರ್, ಹಾಸ್ಟೆಲ್ ಮೆಸ್ಸಿನ ಸೈಟ್, ನಮ್ಮ ಸಂಘದ್ದು. ಒಟ್ಟು ಎಂಟು. ಎಂಟೂ ಕಡೆ ಬೇರೆ ಬೇರೆ ಟೇಬಲ್, ಬೇರೆ ಬೇರೆ ನಿಯಮ. ಒಂದು ಕಡೆ ಪಾಸ್‌ವರ್ಡ್ 8 ಅಕ್ಷರ ಸಾಕು, ಇನ್ನೊಂದು ಕಡೆ ವಿಶೇಷ ಚಿಹ್ನೆ ಬೇಕೇ ಬೇಕು, ಮತ್ತೊಂದು ಕಡೆ ವಿಶೇಷ ಚಿಹ್ನೆ ಹಾಕಿದರೆ ಪುಟವೇ ಮುರಿದುಬೀಳುತ್ತೆ.

ಎಂಟು ಪಾಸ್‌ವರ್ಡ್ ನೆನಪಿಟ್ಟುಕೊಂಡವರು ನಮ್ಮಲ್ಲಿ ಯಾರಾದರೂ ಇದ್ದಾರಾ? ನಾವಂತೂ ಇಲ್ಲ. ಎಲ್ಲ ಕಡೆಗೂ ಅದೇ ಒಂದು ಪಾಸ್‌ವರ್ಡ್, ಜಾಸ್ತಿ ಅಂದರೆ ಕೊನೆಯಲ್ಲಿ ಒಂದು ಸಂಖ್ಯೆ ಹೆಚ್ಚು ಕಮ್ಮಿ. ಹಾಗಾಗಿ 'ಒಂದೇ ಪಾಸ್‌ವರ್ಡ್ ಮಾಡಿದರೆ ಅಪಾಯ' ಅನ್ನುವವರಿಗೆ ನಮ್ಮದೊಂದು ಮಾತು: ಈಗಲೂ ಇರೋದು ಒಂದೇ ಪಾಸ್‌ವರ್ಡು. ಅದು ಎಂಟು ಜಾಗದಲ್ಲಿ ಬಿದ್ದಿದೆ. ಸೋರಿಹೋದಾಗ ಬದಲಾಯಿಸೋಕೆ ಎಂಟು ಕಡೆ ಓಡಬೇಕು, ಅಷ್ಟೇ ವ್ಯತ್ಯಾಸ.

ಇನ್ನೊಂದು ವಿಷಯ ನಮಗೆ ಇದಕ್ಕಿಂತ ದೊಡ್ಡದು ಅನ್ನಿಸ್ತು. ಟೇಬಲ್ ಅಳಿಸೋ ಮುಂಚೆ ನಮ್ಮ ಸೈಟಿನ ಅಡ್ಮಿನ್ ಪಟ್ಟಿ ನೋಡಿದೆವು. ಏಳು ಹೆಸರು. ಅದರಲ್ಲಿ ಮೂವರು ಕಾಲೇಜು ಬಿಟ್ಟು ಹೋದ ಸೀನಿಯರ್‌ಗಳು. ಒಳ್ಳೆಯ ಜನವೇ. ಈಗಲೂ ಫೋನ್ ಮಾಡಿದರೆ ಪ್ರೀತಿಯಿಂದ ಮಾತಾಡ್ತಾರೆ. ಆದರೆ ಅವರ ಪಾಸ್‌ವರ್ಡ್ ಎಲ್ಲಿ ಸೋರಿದೆ ಅನ್ನೋದು ಅವರಿಗೂ ಗೊತ್ತಿರಲ್ಲ, ನಮಗೂ ಗೊತ್ತಿರಲ್ಲ. ಅವರು ಟಿಸಿ ತಗೊಂಡು ಹೋದ ದಿನ ಕಚೇರಿಯ ಪುಸ್ತಕದಲ್ಲಿ ಅದು ದಾಖಲಾಯ್ತು. ಎಂಟು ಸರ್ವರ್‌ಗಳಿಗೆ ಮಾತ್ರ ಯಾರೂ ಹೇಳಲಿಲ್ಲ.

ಡೈರೆಕ್ಟರಿ ಅಂದರೆ ಏನು

ಹಾಸ್ಟೆಲ್ ಗೇಟಿನ ವಾಚ್‌ಮನ್ ಅಣ್ಣನನ್ನ ನೆನಪಿಸಿಕೊಳ್ಳಿ. ಎಂಟು ಗೇಟಿದ್ದು, ಪ್ರತಿ ಗೇಟಿನ ವಾಚ್‌ಮನ್ನೂ ತಂತಮ್ಮ ನೋಟ್‌ಬುಕ್‌ನಲ್ಲಿ ಹುಡುಗರ ಪಟ್ಟಿ ಇಟ್ಟುಕೊಂಡರೆ ಹೇಗಿರುತ್ತೆ? ಈಗ ನಮ್ಮ ಸರ್ವರ್‌ಗಳು ಇರೋದು ಹಾಗೆ. ಡೈರೆಕ್ಟರಿ ಅಂದರೆ ಆಫೀಸಿನಲ್ಲಿರುವ ಒಂದೇ ಒಂದು ರಿಜಿಸ್ಟರ್. ವಾಚ್‌ಮನ್ ಫೋನ್ ಮಾಡಿ 'ಈ ಹುಡುಗ ನಮ್ಮವನಾ?' ಅಂತ ಕೇಳ್ತಾನೆ. ಆಫೀಸಿನವರು ಹೌದು ಅಥವಾ ಇಲ್ಲ ಅಂತಾರೆ.

ಆ ಫೋನಿನ ಭಾಷೆಯೇ ಎಲ್‌ಡ್ಯಾಪ್. 1988ರಲ್ಲಿ ದೂರಸಂಪರ್ಕದವರು ಎಕ್ಸ್.500 ಅನ್ನೋ ಡೈರೆಕ್ಟರಿ ಮಾನದಂಡ ತಂದಿದ್ದರು. ಅದು ಆಗಿನ ಸಣ್ಣ ಕಂಪ್ಯೂಟರ್‌ಗಳಿಗೆ ಭಾರ ಆಗ್ತಿತ್ತು. ಅದನ್ನ ಹಗುರ ಮಾಡಿ ಎಲ್‌ಡ್ಯಾಪ್ ರೂಪಿಸಿದ್ದು ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದಲ್ಲಿದ್ದ ಟಿಮ್ ಹೌಸ್ ಮತ್ತು ಅವರ ಜೊತೆಗಾರರು, 1993ರ ಸುಮಾರಿಗೆ. ಹೆಸರಿನ ಮೊದಲ ಅಕ್ಷರ 'ಎಲ್' ಅಂದರೇ ಹಗುರ ಅಂತ ಅರ್ಥ. ಈಗ ಎಲ್ಲರೂ ಬಳಸುವ ಮೂರನೇ ಆವೃತ್ತಿ ಬಂದಿದ್ದು 1997ರಲ್ಲಿ. ಉಚಿತವಾಗಿ ಸಿಗುವ ಓಪನ್‌ಎಲ್‌ಡ್ಯಾಪ್ ಯೋಜನೆ 1998ರಲ್ಲಿ ಶುರುವಾಯ್ತು. ವಿಂಡೋಸ್ 2000 ಜೊತೆ ಬಂದ ಮೈಕ್ರೋಸಾಫ್ಟಿನ ಆಕ್ಟಿವ್ ಡೈರೆಕ್ಟರಿಗೂ ಈ ಭಾಷೆ ಬರುತ್ತೆ. ಅಂದರೆ ಇದು ದೊಡ್ಡ ಕಂಪನಿಗಳಿಗೆ ಮಾತ್ರ ಹೊಂದುವ ವಸ್ತುವಲ್ಲ. ಹುಟ್ಟಿ ಬೆಳೆದದ್ದೇ ನಮ್ಮಂಥ ಕ್ಯಾಂಪಸ್ಸಿನಲ್ಲಿ.

ಕೆಲಸ ನಡೆಯೋದು ಎರಡು ಹೆಜ್ಜೆಯಲ್ಲಿ. ನೀವು ಯುಎಸ್‌ಎನ್ ಮತ್ತು ಪಾಸ್‌ವರ್ಡ್ ಕೊಟ್ಟಾಗ ವೆಬ್ ಸರ್ವರ್ ಮೊದಲು ಡೈರೆಕ್ಟರಿಯಲ್ಲಿ ಆ ಯುಎಸ್‌ಎನ್ ಹುಡುಕುತ್ತೆ. ಸಿಕ್ಕ ನಮೂದಿಗೆ ಮರದ ಕೊಂಬೆಯಂಥ ಒಂದು ಪೂರ್ತಿ ವಿಳಾಸ ಇರುತ್ತೆ, ಅದಕ್ಕೆ ಡಿಎನ್ ಅಂತಾರೆ. ಎರಡನೇ ಹೆಜ್ಜೆಯಲ್ಲಿ ಆ ಡಿಎನ್ ಮತ್ತು ನಿಮ್ಮ ಪಾಸ್‌ವರ್ಡ್ ಹಿಡಿದು ನಿಮ್ಮ ಹೆಸರಲ್ಲೇ ಒಳಗೆ ಹೋಗಲು ನೋಡುತ್ತೆ. ಇದಕ್ಕೆ ಬೈಂಡ್ ಅಂತ ಹೆಸರು. ಡೈರೆಕ್ಟರಿ ಒಪ್ಪಿದರೆ ನೀವು ನೀವೇ. ಆಮೇಲೆ ನೀವು ಯಾವ ಗುಂಪಿನಲ್ಲಿದ್ದೀರಿ ಅಂತ ನೋಡಿ, ಯಾವ ಪುಟ ತೋರಿಸಬೇಕು ಅಂತ ತೀರ್ಮಾನ ಆಗುತ್ತೆ.

ಇದಕ್ಕೆ ಬೇಕಾದ ಸಾಮಾನೆಲ್ಲ ರೆಡಿ ಇದೆ. ಅಪಾಚೆಯಲ್ಲಿ ಎಲ್‌ಡ್ಯಾಪ್‌ಗೆ ಅಂತಲೇ ಮಾಡ್ಯೂಲ್ ಇದೆ. ಮೂಡಲ್‌ನಲ್ಲಿದೆ, ಲೈಬ್ರರಿಗಳು ಬಳಸುವ ಕೋಹಾದಲ್ಲಿದೆ, ಗಿಟ್‌ಲ್ಯಾಬ್‌ನಲ್ಲಿದೆ. ಮೂಲ ಎಂಜಿನ್‌ಎಕ್ಸ್‌ನಲ್ಲಿ ಮಾತ್ರ ಎಲ್‌ಡ್ಯಾಪ್ ಇಲ್ಲ. ಅದರ ಬದಲು, ಪ್ರತಿ ವಿನಂತಿ ಬಂದಾಗಲೂ ಇನ್ನೊಂದು ಸೇವೆಯನ್ನ 'ಇವರನ್ನ ಬಿಡಲಾ?' ಅಂತ ಕೇಳುವ ಸೌಲಭ್ಯ ಇದೆ.

ನಾವು ಬೇಕು ಅನ್ನೋದು ಯಾಕೆ

ಪ್ರಸ್ತಾಪದಲ್ಲಿ 'ವಿದ್ಯಾರ್ಥಿಗಳಿಗೆ ಅನುಕೂಲ' ಅಂತ ಬರೆದಿದ್ದಾರೆ. ಅನುಕೂಲವೇನೋ ನಿಜ. ಆದರೆ ನಮ್ಮ ಪ್ರಕಾರ ಅದು ಎರಡನೇ ಕಾರಣ. ಮೊದಲನೇ ಕಾರಣ ಬಿಟ್ಟು ಹೋಗುವವರು. ಸೇರುವ ದಿನ ಎಂಟು ಕಡೆ ಅಕೌಂಟ್ ಇಲ್ಲದಿದ್ದರೆ ನಾವೇ ಗಲಾಟೆ ಮಾಡ್ತೀವಿ, ಯಾರಾದರೂ ಮಾಡಿಕೊಡ್ತಾರೆ. ಹೋಗುವ ದಿನ ಎಂಟು ಕಡೆ ಅಕೌಂಟ್ ತೆಗೆಯಿರಿ ಅಂತ ಗಲಾಟೆ ಮಾಡುವವರು ಯಾರು? ಹೋಗುವವರಿಗೆ ಅದರ ಚಿಂತೆ ಇಲ್ಲ, ಇರುವವರಿಗೆ ಅದು ಕಾಣೋದಿಲ್ಲ. ಒಂದೇ ಪಟ್ಟಿ ಇದ್ದರೆ ಒಂದೇ ಗೆರೆ ಹೊಡೆದರೆ ಸಾಕು.

ಬರೀ ಪಾಸಾಗಿ ಹೋದವರ ಮಾತಲ್ಲ ಇದು. ಪ್ಲೇಸ್‌ಮೆಂಟ್ ಕೋಆರ್ಡಿನೇಟರ್ ಪ್ರತಿ ವರ್ಷ ಬದಲಾಗ್ತಾರೆ. ಅತಿಥಿ ಉಪನ್ಯಾಸಕರು ಒಂದು ಸೆಮಿಸ್ಟರ್ ಇದ್ದು ಹೋಗ್ತಾರೆ. ಸಂಘದ ಕಾರ್ಯದರ್ಶಿ ಬದಲಾಗ್ತಾರೆ. ಡೈರೆಕ್ಟರಿಯಲ್ಲಿ ಗುಂಪು ಅಂತ ಮಾಡಿ 'ಈ ಗುಂಪಿನವರಿಗೆ ಈ ಪುಟ' ಅಂದುಬಿಟ್ಟರೆ, ಹುದ್ದೆ ಬದಲಾದಾಗ ಗುಂಪಿನಿಂದ ಹೆಸರು ತೆಗೆದರೆ ಮುಗೀತು.

ಆದರೆ ಅಂತ ಯಾಕೆ ಅಂದೆವು

ಪ್ರಸ್ತಾಪದ ಪ್ರಕಾರ ಎಂಟೂ ಸೈಟ್‌ಗಳು ಈಗಿನ ಹಾಗೇ ತಂತಮ್ಮ ಲಾಗಿನ್ ಪುಟ ಇಟ್ಟುಕೊಳ್ತಾವೆ. ಹಿಂದುಗಡೆ ಮಾತ್ರ ಡೈರೆಕ್ಟರಿಯನ್ನ ಕೇಳ್ತಾವೆ. ನಮ್ಮ ತಕರಾರು ಇಲ್ಲೇ.

ಮೇಲೆ ಹೇಳಿದ ಬೈಂಡ್ ಹೆಜ್ಜೆಯನ್ನ ಇನ್ನೊಮ್ಮೆ ಓದಿ. ವೆಬ್ ಸರ್ವರ್ ನಿಮ್ಮ ಹೆಸರಲ್ಲಿ ಒಳಗೆ ಹೋಗಬೇಕಾದರೆ ನಿಮ್ಮ ಪಾಸ್‌ವರ್ಡ್ ಅದರ ಕೈಗೆ ಬರಲೇಬೇಕು, ಅದೂ ಹ್ಯಾಶ್ ಆಗದೆ, ಇದ್ದ ಹಾಗೇ. ಡೈರೆಕ್ಟರಿಯಲ್ಲಿ ಅದನ್ನ ಎಷ್ಟೇ ಭದ್ರವಾಗಿ ಇಟ್ಟಿರಲಿ, ದಾರಿಯಲ್ಲಿ ಆ ಸರ್ವರ್ ಅದನ್ನ ನೋಡುತ್ತೆ. ಆ ಸರ್ವರಿನ ಕೋಡ್ ಬರೆದವರು ಮನಸ್ಸು ಮಾಡಿದರೆ ಒಂದು ಸಾಲಿನಲ್ಲಿ ಅದನ್ನ ಫೈಲಿಗೆ ಬರೆದಿಟ್ಟುಕೊಳ್ಳಬಹುದು. ಮನಸ್ಸು ಮಾಡಲೇಬೇಕು ಅಂತಿಲ್ಲ. ಡೀಬಗ್ ಮಾಡೋಕೆ ಬಂದ ವಿನಂತಿಯನ್ನೆಲ್ಲ ಲಾಗ್ ಮಾಡಿ, ಆಮೇಲೆ ತೆಗೆಯೋದನ್ನ ಮರೆತರೂ ಸಾಕು.

ಈಗ ನಮ್ಮ ರಾಜ್ಯೋತ್ಸವದ ಪುಟವನ್ನೇ ಯೋಚನೆ ಮಾಡಿ. ಅದು ಡೈರೆಕ್ಟರಿಗೆ ಜೋಡಿಸಿದ್ದಿದ್ದರೆ ನಮಗೆ ಪಾಸ್‌ವರ್ಡ್ ಟೇಬಲ್ ಬೇಕಾಗ್ತಿರಲಿಲ್ಲ, ನಿಜ. ಆದರೆ ಎರಡು ರಾತ್ರಿಯಲ್ಲಿ ಕೋಡ್ ಬರೆದ ಅದೇ ನಾಲ್ಕು ಜನರ ಕೈಗೆ ಕಾಲೇಜಿನ ಎಲ್ಲರ ಅಸಲಿ ಪಾಸ್‌ವರ್ಡ್ ಬರ್ತಿತ್ತು. ಆಗ ಒಂದು ಎಡವಟ್ಟಾದರೆ ಹೋಗ್ತಿದ್ದದ್ದು ಒಬ್ಬ ಹುಡುಗನ ಎಲೆಕ್ಟಿವ್ ಅಲ್ಲ. ಅಂಕಗಳ ಪೋರ್ಟಲ್, ಪ್ಲೇಸ್‌ಮೆಂಟ್, ಎಲ್ಲರದ್ದೂ, ಎಲ್ಲವೂ. ಎಂಟು ಸರ್ವರ್‌ಗಳ ಭದ್ರತೆ ಅವುಗಳಲ್ಲಿ ಎಲ್ಲಕ್ಕಿಂತ ಸೋಮಾರಿಯಾದ ಸರ್ವರಿನ ಮಟ್ಟಕ್ಕೆ ಇಳಿಯುತ್ತೆ. ಆ ಸೋಮಾರಿ ಸರ್ವರ್ ನಮ್ಮದೇ ಆಗಿತ್ತು, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳ್ತಿದ್ದೀವಿ.

ಹಾಗಾಗಿ ನಮ್ಮ ಒತ್ತಾಯ ಇಷ್ಟೇ. ಪಟ್ಟಿ ಒಂದಾದರೆ ಸಾಲದು, ಪಾಸ್‌ವರ್ಡ್ ಟೈಪ್ ಮಾಡುವ ಬಾಗಿಲೂ ಒಂದೇ ಆಗಬೇಕು. ವಾಚ್‌ಮನ್ ಲೆಕ್ಕದಲ್ಲೇ ಹೇಳೋದಾದರೆ, ನಿಮ್ಮ ಗುಟ್ಟನ್ನ ಎಂಟು ಗೇಟಿನಲ್ಲೂ ಹೇಳೋದಲ್ಲ. ಬೆಳಿಗ್ಗೆ ಆಫೀಸಿಗೆ ಹೋಗಿ ಅಲ್ಲಿ ಮಾತ್ರ ಹೇಳಿ ಒಂದು ಚೀಟಿ ತಗೊಳ್ಳೋದು. ಗೇಟಿನಲ್ಲಿ ಚೀಟಿ ತೋರಿಸಿದರೆ ಸಾಕು. ಚೀಟಿಯಲ್ಲಿ ಆಫೀಸಿನ ಸಹಿ, ಯಾರ ಹೆಸರಿಗೆ, ಯಾವ ಗೇಟಿಗೆ, ಎಷ್ಟು ಹೊತ್ತಿನ ತನಕ ಅನ್ನೋದು ಇರುತ್ತೆ. ಸಿಂಗಲ್ ಸೈನ್ ಆನ್ ಅನ್ನೋದು ಇದಕ್ಕೇ. 2005ರ ಸ್ಯಾಮ್ಲ್ 2.0, 2014ರ ಓಪನ್‌ಐಡಿ ಕನೆಕ್ಟ್, ಎರಡೂ ಈ ಚೀಟಿಯ ನಮೂನೆಗಳು. ಕೀಕ್ಲೋಕ್‌ನಂಥ ಮುಕ್ತ ತಂತ್ರಾಂಶವನ್ನ ಡೈರೆಕ್ಟರಿಯ ಮುಂದೆ ಕೂರಿಸಿದರೆ ಅದೇ ಆ ಆಫೀಸು. ಸಂಘಗಳ ಸೈಟ್‌ಗಳು ಚೀಟಿ ಮಾತ್ರ ನೋಡ್ತಾವೆ, ಪಾಸ್‌ವರ್ಡ್ ಎಂದೂ ನೋಡೋದಿಲ್ಲ.

ಇದು ಹೊಸ ಯೋಚನೆ ಏನಲ್ಲ. ಎಡುರೋಮ್ ವೈಫೈ ಇರುವ ಬೇರೆ ಕ್ಯಾಂಪಸ್ಸಿಗೆ ಹೋದಾಗ ನಿಮ್ಮ ಪಾಸ್‌ವರ್ಡನ್ನ ಪರೀಕ್ಷಿಸೋದು ಆ ಕ್ಯಾಂಪಸ್ ಅಲ್ಲ, ನಿಮ್ಮದೇ ಸಂಸ್ಥೆ. ಇನ್‌ಫ್ಲಿಬ್‌ನೆಟ್ ನಡೆಸುವ ಇನ್‌ಫೆಡ್ ವ್ಯವಸ್ಥೆಯಲ್ಲೂ ಅಷ್ಟೇ. ಜರ್ನಲ್ ಪ್ರಕಾಶಕರ ಸೈಟಿಗೆ ಹೋದವರು ಲಾಗಿನ್ ಆಗೋದು ತಮ್ಮ ಸಂಸ್ಥೆಯ ಪುಟದಲ್ಲಿ. ಊರಾಚೆ ಸಾಧ್ಯ ಇರೋದು ಒಂದೇ ಕಾಂಪೌಂಡಿನ ಒಳಗೆ ಯಾಕೆ ಸಾಧ್ಯ ಇಲ್ಲ?

ಮಾಡುವಾಗ ಮರೆಯಬಾರದ್ದು

ನಾವು ಹಾಸ್ಟೆಲ್ ರೂಮಿನಲ್ಲಿ ಎರಡು ಹಳೇ ಲ್ಯಾಪ್‌ಟಾಪ್‌ನಲ್ಲಿ ಓಪನ್‌ಎಲ್‌ಡ್ಯಾಪ್ ಹಾಕಿ, ಅಪಾಚೆ ಜೋಡಿಸಿ ನೋಡಿದೆವು. ಹಳೆಯ ಸೈಟ್‌ಗಳಲ್ಲಿ ಕೆಲವು ಚೀಟಿ ಪದ್ಧತಿಗೆ ಬರೋಕೆ ಸಮಯ ಬೇಕು, ಅಲ್ಲಿಯ ತನಕ ನೇರವಾಗಿ ಡೈರೆಕ್ಟರಿಯನ್ನೇ ಕೇಳಬೇಕಾಗುತ್ತೆ. ಆಗ ಈ ವಿಷಯಗಳು ತಪ್ಪಿದರೆ ಡೈರೆಕ್ಟರಿ ಇಲ್ಲದಿದ್ದುದೇ ವಾಸಿ ಅನ್ನಿಸಿಬಿಡುತ್ತೆ.

ಮೊದಲನೆಯದು ದಾರಿ. ಎಲ್‌ಡ್ಯಾಪ್‌ನ ಮಾಮೂಲಿ ಪೋರ್ಟ್ 389. ಅದರಲ್ಲಿ ಸ್ಟಾರ್ಟ್ ಟಿಎಲ್‌ಎಸ್ ಹಾಕದಿದ್ದರೆ ಪಾಸ್‌ವರ್ಡ್ ನೆಟ್‌ವರ್ಕಿನಲ್ಲಿ ಬೆತ್ತಲೆಯಾಗಿ ಹೋಗುತ್ತೆ. ವೈರ್‌ಶಾರ್ಕ್ ಹಾಕಿ ನಮ್ಮದೇ ಪಾಸ್‌ವರ್ಡ್ ನಾವೇ ಓದಿದೆವು. ಸ್ಟಾರ್ಟ್ ಟಿಎಲ್‌ಎಸ್ ಇರಬೇಕು, ಇಲ್ಲವೇ 636ನೇ ಪೋರ್ಟ್ ಬಳಸಬೇಕು. ಸರ್ಟಿಫಿಕೇಟ್ ದೋಷ ಬಂತು ಅಂತ ಪರಿಶೀಲನೆಯನ್ನೇ ಆಫ್ ಮಾಡೋದು ನಮ್ಮೆಲ್ಲರ ಕೆಟ್ಟ ಅಭ್ಯಾಸ. ಹಾಗೆ ಮಾಡಿದರೆ ಎದುರಿಗಿರೋದು ಅಸಲಿ ಡೈರೆಕ್ಟರಿಯೋ ಇನ್ಯಾರೋ ಅಂತ ಗೊತ್ತಾಗೋದೇ ಇಲ್ಲ.

ಎರಡನೆಯದು ಖಾಲಿ ಪಾಸ್‌ವರ್ಡ್. ಇದು ನಮಗೆ ಆಶ್ಚರ್ಯ ತಂದ ವಿಷಯ. ಡಿಎನ್ ಕೊಟ್ಟು ಪಾಸ್‌ವರ್ಡ್ ಜಾಗ ಖಾಲಿ ಬಿಟ್ಟು ಬೈಂಡ್ ಮಾಡಿದರೆ, ಅದನ್ನ ಅನಾಮಧೇಯ ಪ್ರವೇಶ ಅಂತ ಲೆಕ್ಕ ಹಾಕಿ 'ಸರಿ' ಅನ್ನುವ ಅವಕಾಶ ಎಲ್‌ಡ್ಯಾಪ್ ನಿಯಮದಲ್ಲೇ ಇದೆ. ಓಪನ್‌ಎಲ್‌ಡ್ಯಾಪ್ ಇದನ್ನ ತಾನಾಗಿಯೇ ತಡೆಯುತ್ತೆ. ಎಲ್ಲ ಡೈರೆಕ್ಟರಿಗಳೂ ಹಾಗಲ್ಲ. ವೆಬ್‌ಸೈಟಿನವರು 'ಬೈಂಡ್ ಆಯ್ತು, ಒಳಗೆ ಬಿಡು' ಅಂತ ಬರೆದಿದ್ದರೆ, ಪಾಸ್‌ವರ್ಡೇ ಹಾಕದವರು ಪ್ರಿನ್ಸಿಪಾಲರ ಹೆಸರಿನಲ್ಲಿ ಒಳಗೆ ಬಂದುಬಿಡ್ತಾರೆ. ಖಾಲಿ ಇದ್ದರೆ ಅಲ್ಲೇ ವಾಪಸ್ ಕಳಿಸುವ ಒಂದು ಸಾಲು ಕೋಡ್ ಇರಲೇಬೇಕು. ಯುಎಸ್‌ಎನ್ ಜಾಗದಲ್ಲಿ ನಕ್ಷತ್ರ, ಆವರಣದಂಥ ಚಿಹ್ನೆ ಹಾಕಿ ಹುಡುಕಾಟವನ್ನೇ ತಿರುಚುವವರೂ ಇರ್ತಾರೆ. ಅದನ್ನೂ ಶುಚಿ ಮಾಡಿಕೊಳ್ಳಬೇಕು.

ಮೂರನೆಯದು ಕ್ಯಾಶ್. ಅಪಾಚೆ ಒಮ್ಮೆ ಕೇಳಿದ ಉತ್ತರವನ್ನ ಮಾಮೂಲಿಯಾಗಿ 600 ಸೆಕೆಂಡ್ ನೆನಪಿಟ್ಟುಕೊಳ್ಳುತ್ತೆ. ಡೈರೆಕ್ಟರಿಯಲ್ಲಿ ಗೆರೆ ಹೊಡೆದರೂ ಹತ್ತು ನಿಮಿಷ ಹಳೇ ಬಾಗಿಲು ತೆರೆದೇ ಇರಬಹುದು. ಚೀಟಿ ಪದ್ಧತಿಯಲ್ಲೂ ಅಷ್ಟೇ, ಕೊಟ್ಟ ಚೀಟಿಯ ಅವಧಿ ಮುಗಿಯೋ ತನಕ ಅದು ನಡೆಯಬಹುದು. ಹತ್ತು ನಿಮಿಷ ಪರವಾಗಿಲ್ಲ. ಆದರೆ ಇದು ಗೊತ್ತಿದ್ದು ಆರಿಸಿಕೊಂಡ ಹತ್ತು ನಿಮಿಷ ಆಗಿರಬೇಕು.

ನಾಲ್ಕನೆಯದು ನಮ್ಮ ಯುಎಸ್‌ಎನ್. ಅದೇನು ಗುಟ್ಟಲ್ಲ. ಒಬ್ಬರದು ಗೊತ್ತಿದ್ದರೆ ಇಡೀ ಕ್ಲಾಸಿನದು ಬರೆದುಬಿಡಬಹುದು. ಮೊದಲ ಪಾಸ್‌ವರ್ಡ್ ಅಂತ ಜನ್ಮದಿನಾಂಕ ಕೊಡೋ ಪದ್ಧತಿ ದಯವಿಟ್ಟು ಬೇಡ. ಗೆಳೆಯರ ಹುಟ್ಟಿದಹಬ್ಬಕ್ಕೆ ಸ್ಟೇಟಸ್ ಹಾಕೋ ಕಾಲ ಇದು. ಹಾಗೇ 'ಐದು ಸಲ ತಪ್ಪಿದರೆ ಅಕೌಂಟ್ ಲಾಕ್' ಅನ್ನೋ ನಿಯಮವೂ ಎಚ್ಚರಿಕೆಯಿಂದ ಇರಲಿ. ಎಲೆಕ್ಟಿವ್ ಆಯ್ಕೆಯ ಕೊನೆಯ ದಿನ ಯಾರಾದರೂ ಕಿಡಿಗೇಡಿ ಅರವತ್ತು ಯುಎಸ್‌ಎನ್‌ಗೆ ಐದೈದು ಸಲ ತಪ್ಪು ಪಾಸ್‌ವರ್ಡ್ ಹಾಕಿದರೆ ಒಂದು ಸೆಕ್ಷನ್ ಪೂರ್ತಿ ಹೊರಗೆ ನಿಲ್ಲುತ್ತೆ. ಲಾಕ್ ಮಾಡೋದಕ್ಕಿಂತ ತಪ್ಪಿದಂತೆಲ್ಲ ಕಾಯಿಸುವ ಹೊತ್ತು ಹೆಚ್ಚಿಸೋದು ಒಳ್ಳೇದು.

ಹೆಸರಿನ ಮಾತು

ಕನ್ನಡ ಸಂಘದವರಾಗಿ ನಾವು ಇದನ್ನ ಹೇಳದೆ ಬಿಟ್ಟರೆ ಇನ್ಯಾರು ಹೇಳ್ತಾರೆ? ಎಲ್‌ಡ್ಯಾಪ್‌ನಲ್ಲಿ ಒಬ್ಬ ವ್ಯಕ್ತಿಯ ನಮೂದಿಗೆ ಎರಡು ವಿಷಯ ಕಡ್ಡಾಯ. ಒಂದು ಪೂರ್ತಿ ಹೆಸರು, ಇನ್ನೊಂದು ಸರ್‌ನೇಮ್. ನಮ್ಮಲ್ಲಿ ಎಷ್ಟು ಜನಕ್ಕೆ ಸರ್‌ನೇಮ್ ಇದೆ? ಊರ ಹೆಸರಿನ ಒಂದು ಅಕ್ಷರ, ಅಪ್ಪನ ಹೆಸರಿನ ಒಂದು ಅಕ್ಷರ, ಆಮೇಲೆ ನಮ್ಮ ಹೆಸರು. ಆ ಜಾಗ ಖಾಲಿ ಬಿಟ್ಟರೆ ಡೈರೆಕ್ಟರಿ ನಮೂದನ್ನೇ ತಗೊಳ್ಳಲ್ಲ. ಆಗ ಎಂಟ್ರಿ ಮಾಡುವವರು ಒಂದು ಚುಕ್ಕಿ ಹಾಕ್ತಾರೆ, ಇಲ್ಲ ಇನಿಷಿಯಲ್ ತುರುಕ್ತಾರೆ, ಇಲ್ಲ ಅಪ್ಪನ ಹೆಸರು. ಆಮೇಲೆ ಯಾವುದೋ ಸೈಟ್ ಅದನ್ನ ಓದಿ 'ನಮಸ್ಕಾರ, ಚುಕ್ಕಿ' ಅನ್ನುತ್ತೆ. ಪ್ಲೇಸ್‌ಮೆಂಟ್ ಸೈಟಿನ ಹೆಸರೂ ಮಾರ್ಕ್ಸ್‌ಕಾರ್ಡಿನ ಹೆಸರೂ ತಾಳೆ ಆಗದೆ ಕೌಂಟರ್‌ನಿಂದ ಕೌಂಟರ್‌ಗೆ ಅಲೆಯುವವರು ನಾವು. ಹಾಗಾಗಿ ಮೊದಲೇ ಒಂದು ನಿಯಮ ಮಾಡಿ. ಪೂರ್ತಿ ಹೆಸರಿನ ಜಾಗದಲ್ಲಿ ಮಾರ್ಕ್ಸ್‌ಕಾರ್ಡಿನಲ್ಲಿ ಇರೋ ಹಾಗೇ ಇರಲಿ. ಸರ್‌ನೇಮ್ ಇಲ್ಲದವರಿಗೆ ಅದನ್ನೇ ಮತ್ತೊಮ್ಮೆ ಹಾಕಿ. ಸೈಟ್‌ಗಳು ಪೂರ್ತಿ ಹೆಸರನ್ನ ಮಾತ್ರ ಓದಲಿ.

ಇನ್ನೊಂದು ಖುಷಿಯ ವಿಷಯ. ಎಲ್‌ಡ್ಯಾಪ್‌ನ ಮೂರನೇ ಆವೃತ್ತಿಯಲ್ಲಿ ಅಕ್ಷರಗಳೆಲ್ಲ ಯುಟಿಎಫ್-8. 2004ರ ಆರ್‌ಎಫ್‌ಸಿ 3866ರ ಪ್ರಕಾರ ಒಂದೇ ಹೆಸರನ್ನ ಭಾಷೆಯ ಗುರುತಿನ ಜೊತೆ ಬೇರೆ ಬೇರೆ ಲಿಪಿಯಲ್ಲಿ ಇಡಬಹುದು. ಓಪನ್‌ಎಲ್‌ಡ್ಯಾಪ್‌ಗೆ ಇದು ಬರುತ್ತೆ, ನಾವು ಹಾಕಿ ನೋಡಿದ್ದೀವಿ. ಅಂದರೆ ಪ್ರತಿ ವಿದ್ಯಾರ್ಥಿಯ ಹೆಸರು ಕನ್ನಡದಲ್ಲೂ ಇರಬಹುದು, ಒಮ್ಮೆ ಸರಿಯಾಗಿ ಬರೆದರೆ ಎಂಟೂ ಸೈಟ್‌ಗೂ ಸಿಗಬಹುದು. ಐಡಿ ಕಾರ್ಡಿನಲ್ಲಿ ಹೆಸರಿನ ಕಾಗುಣಿತ ಕೊಲೆಯಾದವರಿಗೆ ಇದರ ಬೆಲೆ ಗೊತ್ತು.

ಹಾಗೇ ಮರದ ಕೊಂಬೆ ಮಾಡುವಾಗ ವಿಭಾಗಕ್ಕೊಂದು ಕೊಂಬೆ ಬೇಡ. ಬ್ರಾಂಚ್ ಬದಲಾಯಿಸಿದವರ ಡಿಎನ್ ಬದಲಾಗಿ ಎಲ್ಲ ಕಡೆ ಗೋಜಲಾಗುತ್ತೆ. ಎಲ್ಲರೂ ಒಂದೇ ಕೊಂಬೆಯಲ್ಲಿರಲಿ, ವಿಭಾಗ ಅನ್ನೋದು ನಮೂದಿನ ಒಳಗಿನ ಒಂದು ವಿವರವಾಗಿರಲಿ. ಮೊದಲ ವರ್ಷದವರಿಗೆ ಯುಎಸ್‌ಎನ್ ಬರೋದು ತಡ. ಆದ್ದರಿಂದ ಲಾಗಿನ್ ಹೆಸರು ಪ್ರವೇಶದ ದಿನವೇ ಸಿಗುವ ಸಂಖ್ಯೆ ಆಗಿರಲಿ, ಯುಎಸ್‌ಎನ್ ಬಂದ ಮೇಲೆ ಪಕ್ಕದಲ್ಲಿ ಸೇರಲಿ.

ತಕರಾರುಗಳು

'ಆ ಒಂದು ಸರ್ವರ್ ಬಿದ್ದರೆ ಎಲ್ಲ ಬಿತ್ತಲ್ಲ?' ಹೌದು, ಒಂದೇ ಇದ್ದರೆ. ಓಪನ್‌ಎಲ್‌ಡ್ಯಾಪ್‌ನಲ್ಲಿ ನಕಲು ಸರ್ವರ್ ಇಡುವ ವ್ಯವಸ್ಥೆ ಇದೆ. ನಮ್ಮ ಎರಡು ಲ್ಯಾಪ್‌ಟಾಪ್‌ನಲ್ಲಿ ಒಂದರ ವೈರ್ ಕಿತ್ತರೂ ಇನ್ನೊಂದು ಉತ್ತರ ಕೊಡ್ತಿತ್ತು. ಎರಡೂ ಒಂದೇ ಯುಪಿಎಸ್ ಮೇಲೆ ಕೂರಿಸಬೇಡಿ, ಅಷ್ಟೇ. ಬಾಗಿಲಿನ ಸರ್ವರಿಗೂ ಅದೇ ಮಾತು.

'ಕಾಲೇಜಿನ ಗೂಗಲ್ ಅಕೌಂಟ್ ಇದೆಯಲ್ಲ, ಅದರಲ್ಲೇ ಲಾಗಿನ್ ಮಾಡಿಸಿದರೆ ಆಯ್ತು' ಅನ್ನೋದು ಒಳ್ಳೆಯ ಮಾತು. ನಮ್ಮ ಪ್ರಸ್ತಾಪಕ್ಕಿಂತ ಸುಲಭ ಕೂಡ. ಪಾಸ್‌ವರ್ಡ್ ಸಂಘದ ಸೈಟಿಗೆ ಕಾಣದ ಬಾಗಿಲೇ ಅದು. ಆದರೆ ಇಂಟರ್‌ನೆಟ್ ಹೋದ ದಿನ ಲ್ಯಾಬಿನ ಲಿನಕ್ಸ್ ಲಾಗಿನ್, ಒಳಗಿನ ಅಂಕಗಳ ಪೋರ್ಟಲ್ ನಡೀಬೇಕು. ಗುಂಪುಗಳ ಲೆಕ್ಕ ಎಲ್ಲೋ ಒಂದು ಕಡೆ ಇರಬೇಕು. ಕಾಲೇಜಿನವರು ಆ ದಾರಿ ಹಿಡಿದರೂ ನಮಗೆ ಬೇಜಾರಿಲ್ಲ. ಪಟ್ಟಿ ಒಂದು, ಬಾಗಿಲು ಒಂದು ಆದರೆ ಸರಿ.

'ಆ ಒಂದು ಪಾಸ್‌ವರ್ಡ್ ಹೋದರೆ?' ಅನ್ನೋದಕ್ಕೂ ಉತ್ತರ ಬಾಗಿಲೇ. ಬಾಗಿಲು ಒಂದೇ ಇದ್ದರೆ ಅಲ್ಲಿ ಮೊಬೈಲಿನ ಆರಂಕಿಯ ಕೋಡ್ ಕೇಳುವ ಎರಡನೇ ಚಿಲಕ ಹಾಕಬಹುದು. ಎಂಟು ಬಾಗಿಲಿಗೂ ಎರಡನೇ ಚಿಲಕ ಹಾಕುವವರು ಯಾರು?

ಕೊನೆಯ ತಕರಾರು ನಮ್ಮದೇ. ಇದನ್ನ ನೋಡಿಕೊಳ್ಳುವವರು ಯಾರು? ಉತ್ಸಾಹಿ ವಿದ್ಯಾರ್ಥಿಗಳ ಕೈಗೆ ಡೈರೆಕ್ಟರಿಯ ಬೀಗದ ಕೈ ಕೊಡಬೇಡಿ ಅಂತ ವಿದ್ಯಾರ್ಥಿಗಳಾದ ನಾವೇ ಹೇಳ್ತೀವಿ. ನಾವು ನಾಲ್ಕು ವರ್ಷಕ್ಕೆ ಹೋಗುವವರು. ಇದು ಸಂಬಳ ಇರುವ, ಹೆಸರು ಬರೆದಿಟ್ಟ, ರಜೆ ಹಾಕಿದರೆ ಬದಲಿ ಇರುವ ಒಂದು ಹುದ್ದೆಯ ಕೆಲಸ. ಟಿಸಿ ಕೊಡುವ ಫಾರ್ಮಿನಲ್ಲಿ ಲೈಬ್ರರಿಯ 'ನೋ ಡ್ಯೂ' ಸಹಿ ಇರುವ ಹಾಗೆ 'ಡೈರೆಕ್ಟರಿಯಲ್ಲಿ ಖಾತೆ ಮುಚ್ಚಿದೆ' ಅನ್ನೋ ಸಹಿಯೂ ಸೇರಲಿ. ಇಡೀ ಯೋಜನೆಯಲ್ಲಿ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಮುಖ್ಯವಾದ ಭಾಗ ಆ ಒಂದು ಸಹಿ ಅಂತ ನಮ್ಮ ನಂಬಿಕೆ.

ನಾವೇನು ಮಾಡ್ತೀವಿ ಅಂತಲೂ ಹೇಳಬೇಕಲ್ಲ. ಸಂಘದ ಸೈಟ್ ಇನ್ನು ಮುಂದೆ ಯಾರ ಪಾಸ್‌ವರ್ಡನ್ನೂ ಕೇಳೋದಿಲ್ಲ. ಬಾಗಿಲು ಸಿದ್ಧವಾಗೋ ತನಕ ನೋಂದಣಿ ಮತ್ತೆ ಹಾಳೆ-ಪೆನ್ನಿನಲ್ಲಿ, ಕ್ಯಾಂಟೀನ್ ಪಕ್ಕದ ಮೇಜಿನ ಮೇಲೆ. ಅಡ್ಮಿನ್ ಪಟ್ಟಿಯಿಂದ ಮೂವರು ಸೀನಿಯರ್‌ಗಳ ಹೆಸರು ತೆಗೆದಿದ್ದೀವಿ, ಅವರಿಗೆ ಫೋನ್ ಮಾಡಿ ಹೇಳಿಯೂ ಆಯ್ತು. ಜೂನ್‌ನಲ್ಲಿ ನಾವೂ ಹೋಗ್ತೀವಿ. ಆಗ ನಮ್ಮ ನಾಲ್ಕು ಹೆಸರನ್ನೂ ತೆಗೆಯೋದು ಮರೀಬೇಡಿ ಅಂತ ಮುಂದಿನ ತಂಡಕ್ಕೆ ಬರೆದುಕೊಟ್ಟಿದ್ದೀವಿ.

ಆ ಜೂನಿಯರ್ ಈಗ ಮುಂದಿನ ವೆಬ್ ತಂಡದಲ್ಲಿದ್ದಾನೆ. ಈ ಲೇಖನ ಮೊದಲು ಓದಿದ್ದೂ ಅವನೇ.